ಅವನು ಕಟ್ಟಿದ ಕೆಂಪು ಟ್ಯಾಗ್

ಒಂದು ನಿಮಿಷ, ಫೋನ್ ಪಕ್ಕಕ್ಕಿಟ್ಟು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೇ "ಅಯ್ಯೋ, ಎಷ್ಟು ಕ್ಯೂಟ್!" ಅಂತ ಎದ್ದು ಹೋಗಬೇಡಿ. ಹಾಗೆ ಎದ್ದು ಹೋದವರ ಮೇಲೇ ಅವಳಿಗೆ ಇವತ್ತಿಗೂ ಮೈಯೆಲ್ಲ ಉರಿ.

ಅವಳು ಎಮರ್ಜೆನ್ಸಿ ವಾರ್ಡಿನ ನರ್ಸ್. ಮೂಗಿನ ತುದಿಯಲ್ಲೇ ಕೋಪ, ಹಾಗಾಗಿ ಇಡೀ ಆಸ್ಪತ್ರೆಗೆ ಅವಳು ಖಾರ ಸಿಸ್ಟರ್. ಅವನು ಆಂಬುಲೆನ್ಸಿನಿಂದ ಮೊದಲು ಜಿಗಿದು ಗಾಯಾಳುಗಳನ್ನು ನೋಡುವವನು. ಬಾಯಿ ಬಿಡುವುದೇ ಅಪರೂಪ, ಅದಕ್ಕೇ ಗೆಳೆಯರು ಕೀಟಲೆಗೆ ಇಟ್ಟ ಹೆಸರು ಸೈರನ್.

ಇಬ್ಬರೂ ಮೊದಲು ಮುಖಾಮುಖಿಯಾದದ್ದು ಆಸ್ಪತ್ರೆಯ ಪಾರ್ಕಿಂಗ್ ಜಾಗದಲ್ಲಿ. ಅವತ್ತು ಆಂಬುಲೆನ್ಸ್ ಹುಡುಗರಿಗೆ ಅವಳು ಬಣ್ಣಗಳ ಪಾಠ ಮಾಡುತ್ತಿದ್ದಳು. ಒಂದೇ ಸಲ ತುಂಬ ಜನ ಗಾಯಗೊಂಡು ಬಿದ್ದಿದ್ದರೆ ಯಾರನ್ನು ಮೊದಲು ಎತ್ತಬೇಕು? ಎದ್ದು ನಡೆಯಬಲ್ಲವರ ಕೈಗೆ ಹಸಿರು ಟ್ಯಾಗ್. ಸ್ವಲ್ಪ ಕಾಯಬಲ್ಲವರಿಗೆ ಹಳದಿ. ಈಗಲೇ ಎತ್ತದಿದ್ದರೆ ಉಳಿಯದವರಿಗೆ ಕೆಂಪು. ಉಸಿರು ನಿಂತವರಿಗೆ ಕಪ್ಪು. ಉಸಿರು ನಿಮಿಷಕ್ಕೆ ಮೂವತ್ತು ದಾಟಿದರೂ ಕೆಂಪೇ.

ಪಾಠಕ್ಕಾಗಿ ಅವಳೇ ಹಣೆಗೆ ಕೆಂಪು ಶಾಯಿ ಬಳಿದುಕೊಂಡು ನೆಲದ ಮೇಲೆ ಮಲಗಿದ್ದಳು. ಸೈರನ್ ಬಂದು ಪಕ್ಕದಲ್ಲಿ ಮಂಡಿಯೂರಿದ. ನೋಡಿದ. ನೋಡುತ್ತಲೇ ಇದ್ದ.

"ಮುಖ ನೋಡ್ಬೇಡಿ, ಉಸಿರು ಎಣಿಸಿ," ಎಂದಳು ಕಣ್ಣು ಮುಚ್ಚಿಕೊಂಡೇ.

"ಎಣಿಸ್ದೆ ಸಿಸ್ಟರ್. ನಿಮ್ದು ಸರಿಯಾಗೇ ಇದೆ. ನನ್ದೇ ಮೂವತ್ತು ದಾಟಿದೆ."

ಅವಳು ಒಂದು ಕಣ್ಣು ಮಾತ್ರ ತೆರೆದಳು. ಅವನ ಕಿವಿ ಶಾಯಿಗಿಂತ ಕೆಂಪಾಗಿತ್ತು. ಬೈಯಬೇಕು ಅಂದುಕೊಂಡಳು, ಬೈಗುಳ ಸಿಗಲಿಲ್ಲ. ಖಾರ ಸಿಸ್ಟರಿಗೆ ಬೈಗುಳ ಸಿಗಲಿಲ್ಲ ಎಂದರೆ ಅರ್ಥ ಮಾಡಿಕೊಳ್ಳಿ!

ಆಮೇಲೆ ಅವನು ಸ್ಟ್ರೆಚರ್ ತಳ್ಳಿಕೊಂಡು ಬಂದಾಗಲೆಲ್ಲ ಇವಳ ಕೈ ತಾನಾಗಿ ಕೂದಲು ಸರಿಮಾಡಿಕೊಳ್ಳುತ್ತಿತ್ತು. ಅವನು ವಾಪಸ್ ಹೊರಟವನು ಬಾಗಿಲ ಗಾಜಿನಲ್ಲಿ ಒಮ್ಮೆ ಇಣುಕುತ್ತಿದ್ದ. ಅಷ್ಟೇ. ಹೇಳಲು ಅವನಿಗೆ ಬಾಯಿಲ್ಲ, ಕೇಳಲು ಇವಳಿಗೆ ಬಿಂಕ.

ಹೀಗಿರುವಾಗ ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಅವಳು ಬಸ್ ಹತ್ತಿದಳು. ಕಂಡಕ್ಟರ್ ಕಿಟಕಿಯ ಸೀಟು ತೋರಿಸಿ, "ಬನ್ನಿ ಸಿಸ್ಟರ್, ನಿಮ್ಗೇ ಅಂತ ಗಾಳಿ ಇಟ್ಟಿದ್ದೀನಿ," ಎಂದ. ಅವಳು ನಗುತ್ತ ಕೂತಳು. ಹೆದ್ದಾರಿಯ ತಿರುವಿನಲ್ಲಿ ಬ್ರೇಕ್ ಫೇಲಾದ ಲಾರಿಯೊಂದು ಎದುರಿನಿಂದ ಬಸ್ಸಿಗೆ ನುಗ್ಗಿತು. ಹಿಂದೆ ಬರುತ್ತಿದ್ದ ಕಾರುಗಳೂ ಬಂದು ಬಸ್ಸಿಗೆ ಗುದ್ದಿದವು.

ಕಣ್ಣು ಬಿಟ್ಟಾಗ ಅವಳು ರಸ್ತೆಯ ಮೇಲಿದ್ದಳು. ಬಲಗಾಲು ಮುರಿದಿತ್ತು. ನೆತ್ತಿ ಒಡೆದು ಮುಖವೆಲ್ಲ ರಕ್ತ. ನೆತ್ತಿಯ ಗಾಯ ಹಾಗೇ, ಸಣ್ಣದಾದರೂ ನೋಡುವವರ ಎದೆ ಒಡೆಯುವಷ್ಟು ಸುರಿಯುತ್ತದೆ. ಅದು ಅವಳಿಗೆ ಗೊತ್ತು. ತಾನು ಹಳದಿ ಎಂಬುದೂ ಗೊತ್ತು.

ಪಕ್ಕದಲ್ಲಿ ಕಂಡಕ್ಟರ್ ಬಿದ್ದಿದ್ದ. ಕೂಗಾಟವಿಲ್ಲ, ನರಳಾಟವಿಲ್ಲ, ತುಟಿ ಬಿಳಿಚಿತ್ತು. ಅವನ ತೊಡೆಯ ಕೆಳಗೆ ಡಾಂಬರು ಒದ್ದೆಯಾಗುತ್ತಿತ್ತು. ಅವಳು ತೆವಳಿಕೊಂಡು ಹೋಗಿ ತನ್ನ ಸ್ಕಾರ್ಫಿನಿಂದ ಆ ತೊಡೆಯನ್ನು ಹಲ್ಲು ಕಚ್ಚಿ ಬಿಗಿದಳು.

ಸುತ್ತ ಕಾರು ನಿಲ್ಲಿಸಿ ಇಳಿದವರ ಕೈಯಲ್ಲೆಲ್ಲ ಮೊಬೈಲು. "ವಿಡಿಯೊ ಆಮೇಲೆ ಮಾಡ್ರೋ, ಕಾರು ತೆಗೀರಿ, ಆಂಬುಲೆನ್ಸ್ ಬರ್ಬೇಕು!" ಎಂದು ಅರಚಿದಳು. ಒಬ್ಬ ಮಹಾಶಯ ಆ ಅರಚಾಟವನ್ನೂ ವಿಡಿಯೊ ಮಾಡಿಕೊಂಡ.

ಮೊದಲ ಆಂಬುಲೆನ್ಸ್ ಹೇಗೋ ಸಂದಿಯಲ್ಲಿ ತೂರಿಕೊಂಡು ಬಂತು. ಇಳಿದವನು ಸೈರನ್. ತಲೆಗೆ ಪೆಟ್ಟಾಗಿದ್ದ ಮುದುಕರೊಬ್ಬರನ್ನು ಒಳಗೆ ಸೇರಿಸಿದ. ಇನ್ನು ಉಳಿದದ್ದು ಒಂದೇ ಸ್ಟ್ರೆಚರ್. ಕಂಡಕ್ಟರ್ ಹತ್ತಿರ ಬಂದು ಕೆಂಪು ಕಟ್ಟಿದ. ತಲೆಯೆತ್ತಿದ. ಅವಳ ಮುಖ ಕಂಡ.

ಮುಖ ನೋಡ್ಬೇಡಿ, ಉಸಿರು ಎಣಿಸಿ ಅಂತ ಕಲಿಸಿದವಳು ಅವಳೇ. ಅವನು ಎಣಿಸಲಿಲ್ಲ. ಅವಳ ಕೈಗೂ ಕೆಂಪು ಕಟ್ಟಿದ.

"ನಂಗಲ್ಲ! ಮೊದಲು ಅವರನ್ನ ಎತ್ತಿ!"

"ಸೈರನ್, ಕಂಡಕ್ಟರ್ ಹೋಗ್ತಾನೆ ಕಣೋ," ಎಂದ ಆಂಬುಲೆನ್ಸ್ ಓಡಿಸುವ ಡ್ರೈವರಣ್ಣನೂ.

ಅವನ ಕಿವಿಗೆ ಏನೂ ಬೀಳಲಿಲ್ಲ. ಅವಳನ್ನೇ ಎತ್ತಿದ. ಬಾಗಿಲು ಮುಚ್ಚಿತು.

"ಇಳ್ಸು ನನ್ನ! ಏನ್ ಮಾಡ್ತಿದ್ದೀಯ ಗೊತ್ತಾ ನಿಂಗೆ? ಇಳ್ಸೋ!" ದಾರಿಯುದ್ದಕ್ಕೂ ಅವನ ಎದೆಗೆ ಗುದ್ದಿದಳು. ಅವಳು ಅವನನ್ನು ಮೊದಲ ಬಾರಿ ನೀನು ಎಂದದ್ದು ಹೀಗೆ.

ಎರಡನೇ ಆಂಬುಲೆನ್ಸ್ ವಿಡಿಯೊ ಶೂರರ ಕಾರುಗಳ ಹಿಂದೆ ಸಿಕ್ಕಿಕೊಂಡಿತು. ಕಂಡಕ್ಟರ್ ಬದುಕಿದ. ಕಾಲು ಉಳಿಯಲಿಲ್ಲ. "ಬೇಗ ಬಂದಿದ್ರೆ ಉಳೀತಿತ್ತೇನೋ, ಹೇಳೋಕಾಗಲ್ಲ," ಎಂದರು ಆಪರೇಷನ್ ಮಾಡಿದ ಡಾಕ್ಟರು. ಆ 'ಏನೋ' ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಇತ್ತ ಆಸ್ಪತ್ರೆಯಲ್ಲಿ ಏನು ನಡೆಯಿತು ಹೇಳಲಾ? ಸಂಭ್ರಮ! ಜೊತೆಯ ನರ್ಸುಗಳು, "ಎಷ್ಟು ಲಕ್ಕಿ ಕಣೇ ನೀನು," ಎಂದು ಕೆನ್ನೆ ಹಿಂಡಿದರು. ಅವಳಮ್ಮ ಹಾಸಿಗೆ ಪಕ್ಕ ಕೂತು, "ಅಳಿಯ ಅಂದ್ರೆ ಹೀಗಿರ್ಬೇಕಪ್ಪ," ಎಂದರು.

"ಅಮ್ಮಾ, ಸುಮ್ನಿರ್ತೀಯಾ ಇಲ್ವಾ!" ದಿಂಬು ಹಾರಿ ಹೋಗಿ ಗೋಡೆಗೆ ಬಡಿಯಿತು.

ದೊಡ್ಡ ಡಾಕ್ಟರೂ ಬಂದು ನಕ್ಕರು. "ವಯಸ್ಸಿನ ಹುಡುಗ, ಬಿಟ್ಬಿಡಮ್ಮ."

"ಆ ಕಾಲು ನಿಮ್ಮ ಮಗನದಾಗಿದ್ರೆ ಬಿಡ್ತಿದ್ರಾ ಸರ್?"

ಡಾಕ್ಟರು ಅವಳ ಚಾರ್ಟ್ ವಾಪಸ್ ತೂಗುಹಾಕಿ ಹೊರಟರು.

ಮೂರನೇ ದಿನ ಸಂಜೆ ಸೈರನ್ ಬಾಗಿಲ ಗಾಜಿನಲ್ಲಿ ಇಣುಕಿದ. "ಒಳಗೆ ಬಾ," ಎಂದಳು. ಬಂದು ತಲೆ ತಗ್ಗಿಸಿ ನಿಂತ.

"ನನ್ನ ಇಷ್ಟಪಡ್ತೀನಿ ಅಂತ ಹೇಳೋಕೆ ನಿಂಗೆ ಬಾಯಿ ಇರ್ಲಿಲ್ವಾ? ಪಾರ್ಕಿಂಗಲ್ಲಿ ಹೇಳ್ಬೋದಿತ್ತು. ಕಾರಿಡಾರಲ್ಲಿ ಹೇಳ್ಬೋದಿತ್ತು. ಇನ್ನೊಬ್ಬರ ಕಾಲಿನ ಮೇಲೆ ನಿಂತು ಹೇಳ್ಬೇಕಿತ್ತಾ?"

"ರಕ್ತ ನೋಡ್ದೆ. ಆಮೇಲೆ ನೀವು ಬಿಟ್ರೆ ಏನೂ ಕಾಣ್ಲಿಲ್ಲ."

ಯಾವ ಹೆಣ್ಣಿಗೂ ಕರುಳು ಕರಗುವ ಮಾತು. ಅವಳದೂ ಕರಗಿತು. ಕರಗಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ತನ್ನನ್ನು ಇಷ್ಟು ಪ್ರೀತಿಸುವವನು ಎದುರಿಗೆ ನಿಂತಿದ್ದಾನೆ, ಅವನನ್ನು ನೋಡಿದರೆ ಆ ಬಿಳಿಚಿದ ತುಟಿ ನೆನಪಾಗುತ್ತದೆ. ಹೀಗೇ ಬಿಟ್ಟರೆ ಜೀವನಪೂರ್ತಿ ನೆನಪಾಗುತ್ತದೆ.

"ಮೊದ್ಲು ಅವರ ಹತ್ರ ಹೋಗಿ ಹೇಳು. ಆಮೇಲೆ ನನ್ನ ಹತ್ರ ಬಾ. ಇಲ್ಲಾಂದ್ರೆ ಬರ್ಲೇಬೇಡ."

ಅವನು ಹೋದ. ಅವಳು ಗಾಲಿಕುರ್ಚಿ ತಳ್ಳಿಸಿಕೊಂಡು ಕಂಡಕ್ಟರ್ ವಾರ್ಡಿನ ಬಾಗಿಲವರೆಗೆ ಬಂದಳು.

ಕಂಡಕ್ಟರ್ ಹೆಂಡತಿ ಆಂಬುಲೆನ್ಸ್ ಅಂಗಿಯಲ್ಲಿದ್ದ ಅವನನ್ನು ಕಂಡದ್ದೇ ತಡ, ಎದ್ದು ಕೈಮುಗಿದಳು. "ಅಣ್ಣಾ, ನಿಮ್ಮಂಥೋರು ಇರೋದಕ್ಕೇ ನಮ್ಮನೆಯವರು ಉಳಿದ್ರು."

ಮಾತು ಬಾರದ ಸೈರನ್ ಅವತ್ತು ಎಲ್ಲವನ್ನೂ ಹೇಳಿದ. ಒಂದೇ ಸ್ಟ್ರೆಚರ್ ಇತ್ತು, ಅದು ನಿಮ್ಮವರದ್ದಾಗಬೇಕಿತ್ತು, ನಾನು ನನಗೆ ಬೇಕಾದವರನ್ನು ಎತ್ತಿದೆ ಎಂದ.

ಮುಗಿದಿದ್ದ ಕೈ ಕೆಳಗಿಳಿಯಿತು. ನೀರಿನ ಲೋಟ ಹಾರಿ ಅವನ ಭುಜಕ್ಕೆ ಬಡಿಯಿತು. "ನಿನ್ನ ಪ್ರೀತಿಗೆ ನನ್ನ ಗಂಡನ ಕಾಲಾ? ಥೂ! ಇನ್ಯಾವತ್ತೂ ನನ್ನ ಕಣ್ಣಿಗೆ ಬೀಳ್ಬೇಡ!"

ಕಂಡಕ್ಟರ್ ಕಾಲಿರಬೇಕಾದಲ್ಲಿ ಹೊದಿಕೆಯ ಖಾಲಿ ಜಾಗವನ್ನು ಸವರಿದ. "ಬೀಳ್ಲಿ ಬಿಡೇ," ಎಂದ. "ದಿನಾ ಕಣ್ಣಿಗೆ ಬೀಳ್ಲಿ. ನಾನು ಎದ್ದು ನಿಲ್ಲೋ ದಿನ ಹೆಗಲು ಕೊಡೋಕೆ ಇವನೇ ಬರ್ಲಿ. ಕ್ಷಮಿಸ್ದೆ ಅನ್ಕೋಬೇಡಪ್ಪ. ಬಾ ಅಂತಿದ್ದೀನಿ, ಅಷ್ಟೇ."

ಸೈರನ್ ಹೊರಬಂದು ಗಾಲಿಕುರ್ಚಿಯ ಪಕ್ಕ ನೆಲದ ಮೇಲೇ ಕುಸಿದ. ಅಂಗಿಯ ಭುಜ ಒದ್ದೆ, ಕಣ್ಣೂ ಒದ್ದೆ.

"ನಾಳೆ ನಾನು ಮತ್ತೆ ರಸ್ತೇಲಿ ಬಿದ್ದಿದ್ರೆ ಯಾವ ಬಣ್ಣ ಕಟ್ತೀಯ?" ಎಂದಳು.

"ನಾನು ಕಟ್ಟಲ್ಲ. ಡ್ರೈವರಣ್ಣನ್ನ ಕೂಗ್ತೀನಿ. ನಿಮ್ಮ ವಿಷಯದಲ್ಲಿ ನನ್ನ ಕೈ ನಂಬೋ ಹಾಗಿಲ್ಲ."

"ಅಣ್ಣ ಇಲ್ದೇ ಇದ್ರೆ? ನೀನೊಬ್ನೇ ಇದ್ರೆ?"

ಅವನು ಅವಳ ಮುಖ ನೋಡಿದ. "ಗೊತ್ತಿಲ್ಲ ಸಿಸ್ಟರ್."

ಹಳದಿ ಅಂದಿದ್ದರೆ ಸುಳ್ಳು ಎಂದು ಕುರ್ಚಿ ತಿರುಗಿಸಿಕೊಂಡು ಹೋಗುತ್ತಿದ್ದಳು. ಕೆಂಪು ಅಂದಿದ್ದರೂ ಹೋಗುತ್ತಿದ್ದಳು. ಈ 'ಗೊತ್ತಿಲ್ಲ'ಕ್ಕೆ ಅವಳ ಹತ್ತಿರ ಬೈಗುಳ ಇರಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡಳು.

"ನನ್ನ ಉಸಿರು ಎಣಿಸು," ಎಂದಳು.

ಈ ಸಲ ಅವನು ನಿಜವಾಗಿ ಎಣಿಸಿದ. "ಮೂವತ್ತು ದಾಟಿದೆ."

"ಸಿಟ್ಟಿಗೆ."

"ಪೂರ್ತಿ ಸಿಟ್ಟಿಗಾ?"

"ಅರ್ಧ," ಎಂದು ಅವನ ಒದ್ದೆ ಭುಜದ ಮೇಲೆ ಕೈಯಿಟ್ಟಳು. "ನಾಳೆ ನಾನೂ ಬರ್ತೀನಿ ಅವರ ಹತ್ರ. ಆ ಅಕ್ಕ ನನ್ನ ಮೇಲೂ ಒಂದು ಲೋಟ ಎಸೀಲಿ."

ಈಗ ನೀವು ಹೇಳಿ. ಒಂದೇ ಸ್ಟ್ರೆಚರ್. ಒಂದು ಪಕ್ಕದಲ್ಲಿ ರಕ್ತ ಸುರಿಯುವ ಮುಖ, ಅದು ನಿಮ್ಮ ಜೀವ. ಇನ್ನೊಂದು ಪಕ್ಕದಲ್ಲಿ ಸದ್ದೇ ಇಲ್ಲದೆ ಬಿಳಿಚಿಕೊಳ್ಳುತ್ತಿರುವ ಯಾರದೋ ಗಂಡ. ನೀವಾಗಿದ್ದರೆ ಯಾರನ್ನು ಎತ್ತುತ್ತಿದ್ದಿರಿ?