ಟಬ್ಬಿನ ಕೆಂಪು ಬಲ್ಬ್

ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 11.15. ಅಂಜನಾಪುರ ಜಲಾಶಯದ ಬಳಿಯ ಹೋಂಸ್ಟೇಯೊಂದರ ಹಾಟ್ ಟಬ್ಬಿನಲ್ಲಿ ಬಿದ್ದು ಕೆಲಸದ ಹೆಂಗಸೊಬ್ಬರು ಸತ್ತಿದ್ದಾರೆ ಎಂದು ಆಂಬುಲೆನ್ಸ್ ಸಿಬ್ಬಂದಿ ಶಿಕಾರಿಪುರದ ಠಾಣೆಗೆ ಫೋನ್ ಮಾಡಿದರು.

ಇನ್ಸ್‌ಪೆಕ್ಟರ್ ಪ್ರಮೀಳಾ ಮತ್ತು ಹೆಡ್ ಕಾನ್‌ಸ್ಟೆಬಲ್ ಸಿದ್ಧಲಿಂಗೇಶ್ 11.35ಕ್ಕೆ ಸ್ಥಳಕ್ಕೆ ತಲುಪಿದರು. ಮನೆಯ ಹಿಂದೆ ಕಲ್ಲು ಹಾಸಿದ ಜಗಲಿ, ಅದರ ಮಧ್ಯೆ ಆರು ಜನ ಕೂರಬಹುದಾದ ಮರದ ದುಂಡು ಟಬ್. ಪಕ್ಕದಲ್ಲಿ ಚಾಪೆಯ ಮೇಲೆ ಶವ. ಲೋಕಮ್ಮ, ನಲವತ್ತೆಂಟು ವರ್ಷ. ಹಣೆಯ ಬಲಬದಿಗೆ ಗಾಯ. ಸೀರೆ ಪೂರ್ತಿ ಒದ್ದೆ.

ಹೋಂಸ್ಟೇ ಮಾಲೀಕ ಶ್ರೀಕರ, ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವನು. ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟ.

"ಯಾವಾಗ ನೋಡಿದ್ರಿ?"

"ಹತ್ತೂ ಐವತ್ತಕ್ಕೆ ಮೇಡಂ. ಅಡುಗೆಮನೇಲಿದ್ದೆ. ಕರೆದೆ, ಓಗೊಡಲಿಲ್ಲ. ಬಂದು ನೋಡಿದ್ರೆ ನೀರೊಳಗಿದ್ರು."

"ಹೆಂಗೆ ಬಿದ್ರು?"

"ಕಾಲು ಜಾರಿರಬೇಕು. ಮೊದ್ಲಿಂದ ತಲೆಸುತ್ತು ಇತ್ತು ಅವರಿಗೆ."

"ಟಬ್ಬಿಗೆ ಕರೆಂಟ್ ಇದೆಯಲ್ಲ?"

"ಇದೆ. ಆದ್ರೆ ಬೆಳಿಗ್ಗೆ ಒಂಬತ್ತರಿಂದ ಕರೆಂಟೇ ಇಲ್ಲ ಮೇಡಂ, ಲೈನ್ ಕೆಲಸ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಸಿದ್ಧಲಿಂಗೇಶ್ ಪಕ್ಕದ ಮೂರು ಮನೆಗಳಲ್ಲಿ ವಿಚಾರಿಸಿ ಬಂದರು. ಮಾತು ನಿಜ.

ಪಂಚರನ್ನು ಕರೆಸಿ ಪಂಚನಾಮೆ ಶುರುಮಾಡಿದರು. ಟಬ್ಬಿನ ಹೀಟರ್ ಮೂರು ಕಿಲೋವ್ಯಾಟಿನದು. ಸೋರಿಕೆಯಾದರೆ ತಾನೇ ಕಡಿತಗೊಳಿಸುವ ಸ್ವಿಚ್ ಇತ್ತು, ಸರಿಯಾಗಿಯೇ ಇತ್ತು. ನೀರು ತಣ್ಣಗಿತ್ತು. 12.05ಕ್ಕೆ ಮನೆಗೆ ಕರೆಂಟ್ ಬಂತು. ಅದೇ ಕ್ಷಣ ಟಬ್ಬಿನ ಮೇಲಿನ ಕಂಬದಲ್ಲಿ ಕೆಂಪು ಬಲ್ಬೊಂದು ಹೊತ್ತಿಕೊಂಡಿತು. ಶ್ರೀಕರ ಯಾರೂ ಹೇಳದೆ ಎದ್ದುಹೋಗಿ ಸ್ವಿಚ್ ಆರಿಸಿ ಬಂದ.

"ಹಗಲಲ್ಲಿ ಯಾಕ್ರೀ ಬಲ್ಬು?" ಪ್ರಮೀಳಾ ಕೇಳಿದರು.

"ರಾತ್ರಿ ಆರಿಸೋದು ಮರ್ತಿದ್ದೆ."

ಅದನ್ನೂ ಪಂಚನಾಮೆಯಲ್ಲಿ ಬರೆಸಿದರು.

ಸಂಜೆ 4.10ಕ್ಕೆ ಲೋಕಮ್ಮನ ಮಗಳು ಮೇಘನಾ ಠಾಣೆಗೆ ಬಂದಳು. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುವ ಕೆಲಸ ಅವಳದು. ಅಸಹಜ ಮರಣ ಪ್ರಕರಣ ದಾಖಲಿಸಲು ರೈಟರ್ ಬರೆದಿಟ್ಟ ದೂರನ್ನು ಓದಿದಳು. ಸಹಿ ಹಾಕಲಿಲ್ಲ.

"ಇಲ್ಲಿ 'ತಲೆಸುತ್ತು ಬಂದು ಕಾಲು ಜಾರಿ' ಅಂತ ಐತಲ್ರೀ. ಯಾರು ಹೇಳಿದ್ದು?"

"ಮಾಲೀಕರು ಹೇಳಿದಾರಮ್ಮ," ಎಂದರು ರೈಟರ್.

"ನಮ್ಮವ್ವಗೆ ಬಿಪಿ ಇಲ್ಲ, ಸುಗರ್ ಇಲ್ಲ. ಒಂದು ದಿನ ಮಾತ್ರೆ ನುಂಗಿದೋಳಲ್ಲ. ಒಂದ್ಸಲ ಕಾಗದದಾಗೆ ಬಿತ್ತಂದ್ರೆ ಅದು ಹಂಗೇ ಕೂರ್ತೈತ್ರೀ, ಆಮೇಲೆ ಯಾರೂ ತಿದ್ದಲ್ಲ. ನಾ ದಿನಾ ನೋಡ್ತೀನಿ."

"ಮತ್ತೇನಂತ ಬರೀಬೇಕು?"

"ಹೆಂಗೆ ಸತ್ಲು ಅಂತ ನಂಗೆ ಗೊತ್ತಿಲ್ಲ, ಗೊತ್ತುಮಾಡಿಕೊಡ್ರಿ ಅಂತ ಬರೀರಿ."

ಪ್ರಮೀಳಾ ಹಾಳೆ ಹರಿದು ಹಾಗೆಯೇ ಬರೆಸಿದರು.

ಬುಧವಾರ ಮಧ್ಯಾಹ್ನ ಶವಪರೀಕ್ಷೆ ಮಾಡಿದ ವೈದ್ಯರು ಫೋನಿನಲ್ಲಿ ಎರಡು ಮಾತು ಹೇಳಿದರು. ಶ್ವಾಸಕೋಶದಲ್ಲಿ ನೀರಿಲ್ಲ. ಬಲ ಅಂಗೈಯಲ್ಲಿ ಕರೆಂಟ್ ಹೊಡೆದ ಸುಟ್ಟ ಗುರುತಿದೆ.

ಪ್ರಮೀಳಾ ಪಂಚನಾಮೆಯನ್ನು ಮತ್ತೆ ಮೇಜಿನ ಮೇಲೆ ಹರಡಿದರು. ಕರೆಂಟ್ ಇಲ್ಲದ ಹೊತ್ತಿನಲ್ಲಿ ಕರೆಂಟ್ ಹೊಡೆದಿದೆ. ಇನ್ನೊಂದು ಸಂಗತಿಯೂ ಹೊಂದುತ್ತಿರಲಿಲ್ಲ. ಮಂಗಳವಾರ ದಾವಣಗೆರೆಯಿಂದ ಬರಬೇಕಿದ್ದ ಅತಿಥಿಗಳಿಗೆ ಶ್ರೀಕರ, ಮಧ್ಯಾಹ್ನ 12.30ಕ್ಕೆ ಟಬ್ ಸಿದ್ಧವಿರುತ್ತದೆ ಎಂದು ಹಿಂದಿನ ದಿನವೇ ಮೆಸೇಜ್ ಕಳಿಸಿದ್ದ. ವಿದ್ಯುತ್ ಪರಿವೀಕ್ಷಕರನ್ನು ಕೇಳಿದಾಗ, ಸಾವಿರದ ಇನ್ನೂರು ಲೀಟರ್ ನೀರು ಆ ಹೀಟರಿನಲ್ಲಿ ಕಾಯಲು ಆರೇಳು ಗಂಟೆ ಬೇಕು ಎಂದರು. ಶವ ಎತ್ತುವ ಹೊತ್ತಿಗೆ ನೀರು ತಣ್ಣಗಿತ್ತು, ಮನೆಯಲ್ಲಿ ಕರೆಂಟೂ ಇರಲಿಲ್ಲ.

ಶ್ರೀಕರ ಹಿಂದಿನ ಅತಿಥಿಗಳಿಗೆ ಕಳಿಸಿದ್ದ ಮೆಸೇಜುಗಳನ್ನು ತರಿಸಿಕೊಂಡು ಸಿದ್ಧಲಿಂಗೇಶ್ ಕೈಗೆ ಕೊಟ್ಟರು. ಒಂದು ವಾರ ಟಬ್ಬಿನ ಸಮಯ ಮಧ್ಯಾಹ್ನ 12.30ರ ನಂತರ. ಮರುವಾರ ಸಂಜೆ 5ರ ನಂತರ. ಅದರ ಮರುವಾರ ಮತ್ತೆ ಮಧ್ಯಾಹ್ನ. ನಾಲ್ಕು ತಿಂಗಳಿಂದ ಹೀಗೆಯೇ.

ಸಿದ್ಧಲಿಂಗೇಶ್ ಊರಲ್ಲಿ ಎರಡು ಎಕರೆ ಗದ್ದೆ ಮಾಡುವವರು. ಮೊದಲು ನಕ್ಕರು, ಆಮೇಲೆ ನಗು ನಿಂತಿತು.

"ಮೇಡಂ, ಇದು ಟಬ್ಬಿನ ಟೈಮಲ್ಲ. ತ್ರೀ ಫೇಸ್ ಟೈಮು."

"ಅಂದ್ರೆ?"

"ಪಂಪ್‌ಸೆಟ್ಟಿಗೆ ಕೊಡೋ ಕರೆಂಟು. ಒಂದು ವಾರ ಬೆಳಿಗ್ಗೆ ಹತ್ತಕ್ಕೆ, ಒಂದು ವಾರ ಮಧ್ಯಾಹ್ನ ಎರಡೂವರೆಗೆ. ನಮ್ಮನೆಯೋಳ ಹುಟ್ಟಿದಬ್ಬ ಮರೆತೇನು, ಇದನ್ನ ಮರೆಯಲ್ರೀ. ಬಂದ ಎರಡೂವರೆ ಗಂಟೆಗೆ ಟಬ್ ರೆಡಿ ಅಂತಾನೆ ಇವನು."

"ಮನೆ ಲೈನೇ ಬೇರೆ, ಪಂಪಿನ ಲೈನೇ ಬೇರೆ?"

"ಬೇರೆ ಬೇರೆ ಮೇಡಂ. ಅದು ಹೋದ್ರೂ ಇದು ಬರ್ತೈತಿ."

ಸಂಜೆ 5.20ಕ್ಕೆ ವಿದ್ಯುತ್ ಉಪಕೇಂದ್ರದ ದಾಖಲೆ ಪುಸ್ತಕ ನೋಡಿದರು. ಮಂಗಳವಾರ ಮನೆಗಳ ಲೈನ್ 9.00ರಿಂದ 12.05ರವರೆಗೆ ಬಂದ್. ಪಂಪ್‌ಸೆಟ್ ಲೈನ್ 10.06ಕ್ಕೆ ಚಾಲೂ.

ಗುರುವಾರ ಬೆಳಿಗ್ಗೆ ಹೋಂಸ್ಟೇಯಲ್ಲಿ ಎರಡನೇ ಪಂಚನಾಮೆ. ಬೋರ್‌ವೆಲ್ ಪಂಪಿನ ಶೆಡ್ಡಿನಲ್ಲಿ ಎರಡು ಪೆಟ್ಟಿಗೆಗಳಿದ್ದವು, ಎರಡಕ್ಕೂ ಆಟೋ ಸ್ಟಾರ್ಟರ್. ಕರೆಂಟ್ ಬಂದೊಡನೆ ಪಂಪು ತಾನಾಗಿ ಶುರುವಾಗಲೆಂದು ರೈತರೆಲ್ಲ ಇದನ್ನು ಹಾಕಿಸಿ, ಗದ್ದೆಗೆ ಓಡುವುದು ತಪ್ಪಿತೆಂದು ನಿಶ್ಚಿಂತೆಯಿಂದಿರುತ್ತಾರೆ. ಒಂದು ಪೆಟ್ಟಿಗೆಯ ವೈರು ಪಂಪಿಗೆ ಹೋಗಿತ್ತು. ಇನ್ನೊಂದರಿಂದ ಹೊರಟ ಪ್ಲಾಸ್ಟಿಕ್ ಪೈಪು ನೆಲದೊಳಗೆ ಇಳಿದು ಟಬ್ಬಿನ ಜಗಲಿಯ ಕಲ್ಲಿನ ಕೆಳಗೆ ಬಾಯಿ ತೆರೆದಿತ್ತು. ಒಳಗೆ ವೈರು ಇರಲಿಲ್ಲ.

ಪೆಟ್ಟಿಗೆ ಕೂಡಿಸಿದವನು ಶಿಕಾರಿಪುರದ ಚನ್ನೇಶ್, ಮೋಟಾರು ರಿಪೇರಿ ಮಾಡುವವನು.

"ಟಬ್ಬಿಗೆ ಅಂತ ಗೊತ್ತಿತ್ತಾ?"

"ಗೊತ್ತಿತ್ರೀ. ನೀರು ಕಾಯ್ಸೋ ಮೂರು ರಾಡ್ ಕೂರಿಸಿದ ಕಬ್ಬಿಣದ ಚೌಕಟ್ಟು ಮಾಡಿಸಿದ್ರು, ಒಂಬತ್ತು ಕಿಲೋವ್ಯಾಟ್. ನೀರಿಗೆ ಇಳಿಬಿಟ್ಟು, ಕಾದ ಮೇಲೆ ಎತ್ತಿಡೋದು."

"ಸೋರಿಕೆ ಸ್ವಿಚ್ ಯಾಕೆ ಹಾಕ್ಲಿಲ್ಲ?"

"ಹಾಕಿದ್ದೆ. ಪದೇ ಪದೇ ಬೀಳ್ತೈತಿ, ತೆಗಿ ಅಂದ್ರು. ಜೀವ ಹೋಗ್ತದೆ ಶ್ರೀಕರಣ್ಣ, ಇದು ಗದ್ದೆ ಅಲ್ಲ ಅಂದೆ. ಕೆಂಪು ಬಲ್ಬ್ ಹಾಕ್ತೀನಿ, ಅದು ಉರಿಯೋವಾಗ ಯಾರೂ ನೀರು ಮುಟ್ಟಲ್ಲ ಅಂದ್ರು. ನಾನು ಸ್ವಿಚ್ ಬಿಚ್ಚಿಕೊಟ್ಟು ಬಂದೆ."

"ಬಲ್ಬಿಗೆ ಯಾವ ಲೈನು?"

ಚನ್ನೇಶ್ ತಲೆ ತಗ್ಗಿಸಿದ. "ಮನೇದು."

ಜೀಪಿನಲ್ಲಿ ಪ್ರಮೀಳಾ ಮೊದಲ ಪಂಚನಾಮೆಯಲ್ಲಿ ಬಲ್ಬಿನ ಸಾಲು ತೆಗೆದು ನೋಡಿದರು. ಮನೆಯ ಲೈನ್ ಬಂದ್ ಆಗಿ ಬಲ್ಬ್ ಆರಿದ್ದರಿಂದ ಲೋಕಮ್ಮ ನೀರಿಗೆ ಕೈ ಹಾಕಿದ್ದರು. ಹೇಳಿಕೊಟ್ಟಂತೆಯೇ ನಡೆದುಕೊಂಡಿದ್ದರು.

ಅಷ್ಟರಲ್ಲಿ ಶ್ರೀಕರನ ಫೋನ್ ಕರೆಗಳ ವಿವರ ಬಂತು. ಮಂಗಳವಾರ 10.21ಕ್ಕೆ ದಾವಣಗೆರೆಯ ಅತಿಥಿಗಳಿಂದ ಕರೆ, ಐವತ್ತು ಸೆಕೆಂಡ್. ಆಂಬುಲೆನ್ಸಿಗೆ ಕರೆ 10.58ಕ್ಕೆ. ಅತಿಥಿಗಳಲ್ಲಿ ಒಬ್ಬರು ಫೋನಿನಲ್ಲಿ ಹೇಳಿಕೆ ಕೊಟ್ಟರು: "ಟಬ್ ರೆಡಿ ಇರ್ತದಾ ಅಂತ ಕೇಳ್ದೆ ಮೇಡಂ. ಇರ್ತದೆ ಬನ್ನಿ ಅಂದ್ರು. ಸ್ವಲ್ಪ ಏದುಸಿರು ಬಿಡ್ತಿದ್ರು, ಅಷ್ಟೇ."

ಅಸಹಜ ಮರಣ ಪ್ರಕರಣ ಆ ರಾತ್ರಿ ಎಫ್ಐಆರ್ ಆಯಿತು. ಕೊಲೆಯಲ್ಲದ ನರಹತ್ಯೆ, ಸಾಕ್ಷ್ಯ ನಾಶ, ವಿದ್ಯುತ್ ಕಳವು.

ಶುಕ್ರವಾರ ಬೆಳಿಗ್ಗೆ 6.40ಕ್ಕೆ ಸೊರಬ ಪೊಲೀಸರ ನೆರವಿನೊಂದಿಗೆ ಕುಪ್ಪಗಡ್ಡೆಯ ಮನೆಗೆ ಹೋದರು. ಶ್ರೀಕರನ ಹೆಂಡತಿ ಶ್ರೀರಂಜಿನಿ ಬಾಗಿಲು ತೆಗೆದಳು.

"ಬಂದ ದಿನದಿಂದ ಊಟ ಮಾಡ್ಲಿಲ್ಲ ಇವ್ರು. ಎಂತ ಆಯ್ತು ಅಂತ ಕೇಳಿದ್ರೆ ಹೇಳೂದೂ ಇಲ್ಲ," ಎಂದಳು.

ಪ್ರಮೀಳಾ ಅವಳ ಹಿಂದೆ ನಿಂತಿದ್ದ ಶ್ರೀಕರನ ಕಡೆ ತಿರುಗಿದರು. "ಚೌಕಟ್ಟು ಎಲ್ಲಿ?"

ಅವನು ಸೌದೆ ಕೊಟ್ಟಿಗೆ ತೋರಿಸಿದ. ಗೋಣಿಚೀಲದಲ್ಲಿ ಸುತ್ತಿದ ಚೌಕಟ್ಟು, ನಲವತ್ತು ಮೀಟರ್ ವೈರು ಸಿಕ್ಕವು. 7.15ಕ್ಕೆ ಬಂಧನ.

"ಹತ್ತೂ ಇಪ್ಪತ್ತೊಂದಕ್ಕೆ ಫೋನಲ್ಲಿ ಏದುಸಿರು ಬಿಡ್ತಿದ್ರಿ, ಅಂದ್ರೆ ಅಷ್ಟೊತ್ತಿಗೇ ನೋಡಿದ್ರಿ. ಆಂಬುಲೆನ್ಸ್ ಕರೆಸಿದ್ದು ಹತ್ತೂ ಐವತ್ತೆಂಟಕ್ಕೆ. ನಡುವೆ ಏನ್ಮಾಡಿದ್ರಿ?"

"ವೈರು ಎಳೆದೆ."

"ಎತ್ತಿದಾಗ ಉಸಿರಿತ್ತಾ?"

"ನೋಡ್ಲಿಲ್ಲ," ಎಂದ ಶ್ರೀಕರ. "ನೋಡೋಕೆ ಭಯ ಆಯ್ತು."

ಆ ಟಬ್ಬನ್ನು ಅವನು ಹದಿನಾಲ್ಕು ತಿಂಗಳು ತಾನೇ ನಿಂತು ಕಟ್ಟಿದ್ದ. ಹಲಗೆಯನ್ನು ಸ್ವತಃ ತಿಕ್ಕಿ ನುಣುಪು ಮಾಡಿದ್ದ. ಮೊದಲು ಬಂದ ಅತಿಥಿಗಳು ನೀರು ಉಗುರುಬೆಚ್ಚಗೂ ಇರಲಿಲ್ಲ ಎಂದು ಬರೆದು ಒಂದು ಸ್ಟಾರ್ ಕೊಟ್ಟಿದ್ದರು. ಭೂಪರಿವರ್ತನೆ ಆಗದ ಜಾಗಕ್ಕೆ ದೊಡ್ಡ ವಿದ್ಯುತ್ ಸಂಪರ್ಕ ಸಿಗದೆ ಅರ್ಜಿ ಮೂರು ಸಲ ವಾಪಸಾಗಿತ್ತು. ಹೊಲದಲ್ಲಿ ಪಂಪಿನ ಲೈನ್ ಇತ್ತು. ಚೌಕಟ್ಟು ಹಾಕಿದ ಮೇಲೆ ಯಾರೂ ನೀರು ತಣ್ಣಗಿದೆ ಎಂದು ಬರೆದಿರಲಿಲ್ಲ. ಹೇಳಿಕೆಯಲ್ಲಿ ಅವನು ಇದನ್ನು ಎರಡು ಸಲ ಹೇಳಿದ.

ಶನಿವಾರ ಮೇಘನಾ ಠಾಣೆಗೆ ಬಂದು ಶವಪರೀಕ್ಷೆ ವರದಿಯ ಪ್ರತಿ ಪಡೆದಳು. ಸಾವಿನ ಕಾರಣದ ಸಾಲನ್ನು ಬೆರಳಿಟ್ಟು ಓದಿದಳು. 'ವಿದ್ಯುದಾಘಾತ' ಎಂದಿತ್ತು. ಸ್ವೀಕೃತಿಗೆ ಸಹಿ ಹಾಕಿದಳು.

"ಇಂಥ ಟಬ್ಬು ಇನ್ನೂ ಎಷ್ಟದಾವ್ರೀ ಮೇಡಂ?"

ಪ್ರಮೀಳಾ ಅಂದೇ ವಿದ್ಯುತ್ ಕಂಪನಿಗೆ ಪತ್ರ ಬರೆದರು. ಮುಂದಿನ ಗುರುವಾರ ಅಧಿಕಾರಿಗಳು ಎರಡು ತಾಲ್ಲೂಕಿನ ಹನ್ನೊಂದು ಹೋಂಸ್ಟೇಗಳನ್ನು ತಪಾಸಣೆ ಮಾಡಿದರು. ಮೂರರಲ್ಲಿ ಟಬ್ಬಿಗೆ ಪಂಪಿನ ಲೈನ್ ಇತ್ತು. ಒಂದರಲ್ಲಿ ಅವರು ಹೋದಾಗ ಇಬ್ಬರು ಮಕ್ಕಳು ನೀರಿನಲ್ಲಿದ್ದರು.