ಬಚ್ಚಲ ಕೆಳಗಿನ ಬಾವಿ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮ ಮನೆ ಕಟ್ಟಿಕೊಟ್ಟ ಎಂಜಿನಿಯರ್ ಹನುಮೇಶ್ ನನ್ನ ಸ್ವಂತ ಅಣ್ಣ. ಬಚ್ಚಲ ಪೈಪು ಕಟ್ಟಿಕೊಂಡಾಗ ಅವನನ್ನೇ ಕರೆದೆ. ಮಟಮಟ ಮಧ್ಯಾಹ್ನ. ಅವನು ಪೈಪಿನೊಳಗೆ ತೂರಿಸಿದ ತಂತಿ ಬೀದಿಯ ಕಡೆ ತಿರುಗುವ ಬದಲು ನೆಟ್ಟಗೆ ಕೆಳಗಿಳಿಯುತ್ತಲೇ ಹೋಯಿತು. ಮೇಲೆ ಬಂದದ್ದು ಗಬ್ಬುನಾತವಲ್ಲ, ಮಲ್ಲಿಗೆಯ ಘಮ.

"ಇಲ್ಲಿ ಏನೈತೆ ಅಣ್ಣಾ?"

ಅವನು ಮುಖ ಎತ್ತಲಿಲ್ಲ. "ಹಳೇ ಬಾವಿ. ಹೇಳಿದ್ರೆ ಸೈಟೇ ಬ್ಯಾಡ ಅಂತಿದ್ದಿ. ಮುಚ್ಚೋ ಮುಂಚೆ ಗಂಗಮ್ಮಗೆ ಉಡಿ ತುಂಬಿಸಿ, ಹಸಿರು ಕುಪ್ಪಸದ ಕಣ ಒಳಗೆ ಬಿಟ್ಟೆ."

"ಯಾರ ಹೆಸರಲ್ಲಿ?"

"ಪೂಜಾರಿ, ಮನೆ ಹೆಣ್ಮಗಳ ಹೆಸರು ಹೇಳು ಅಂದ. ನಿಂದು ಹೇಳಿದೆ."

ಒಡಹುಟ್ಟಿದವನೇ ಹೀಗೆ ಮಾಡಿದನಲ್ಲ. ಅವನು ತಂತಿ ಎಳೆದ. ತುದಿಗೆ ಅದೇ ಹಸಿರು ಬಟ್ಟೆ ಸಿಕ್ಕಿಕೊಂಡಿತ್ತು. ಅಣ್ಣ ಬಿಟ್ಟಿದ್ದು ಬರೀ ಕಣ, ಹೊಲಿಯದ ಬಟ್ಟೆ. ಬಂದದ್ದು ಹೊಲಿದ ಕುಪ್ಪಸ. ಅಳತೆ ನನ್ನದೇ. ಬಟ್ಟೆಯೆಲ್ಲ ಒಣಗಿತ್ತು, ಕಂಕುಳು ಮಾತ್ರ ಬೆವರಿಗೆ ತೊಯ್ದು ಬೆಚ್ಚಗಿತ್ತು.