ಎರಡು ಸೆಕೆಂಡಿನ ಸೇಡು

ಬಸವನ ಬಾಗೇವಾಡಿಯಲ್ಲಿ ಆ ದಿನ ಮೈಕ್ ಚಾಲೂ ಇದೆ ಎಂಬುದು ಧರ್ಮರಾಜನಿಗೆ ಗೊತ್ತಿರಲಿಲ್ಲ.

ಸೈಕಲ್ ಸ್ಪರ್ಧೆಯ ಕೊನೆಯ ಗೆರೆಯ ಪಕ್ಕ ಟೇಬಲ್ ಹಾಕಿಕೊಂಡು, ಸ್ಟಾಪ್‌ವಾಚ್ ಹಿಡಿದು ಕುಳಿತಿದ್ದ. ಇಪ್ಪತ್ತು ಕಿಲೋಮೀಟರನ್ನು ಮೂವತ್ಮೂರು ನಿಮಿಷದೊಳಗೆ ಮುಟ್ಟಿದ ಹುಡುಗಿಯರಿಗೆ ರಾಜ್ಯ ಮಟ್ಟದ ತರಬೇತಿ ಶಿಬಿರ. ಶಿವಾನಿ ಮುಟ್ಟಿದ್ದು ಮೂವತ್ತೇಳಕ್ಕೆ. ಬೆವರು ಕಣ್ಣಿಗಿಳಿದು, ಹ್ಯಾಂಡಲ್ ಮೇಲೆ ತಲೆಯಿಟ್ಟು ಅವಳು ಏದುಸಿರು ಬಿಡುತ್ತಿದ್ದಾಗ ಎರಡೂ ಸ್ಪೀಕರುಗಳಿಂದ ಅವನ ದನಿ ಬಂತು.

"ಈ ಹುಡುಗಿ ಕೈಲೆ ಆಗೂದಲ್ಲ ಬಿಡ್ರಿ. ಹಾಲಿನ ಕ್ಯಾನ್ ಕಟ್ಟಿ ಕೊಟ್ರ ಛಂದ ಹೊಡೀತಾಳ."

ಇಡೀ ಮೈದಾನ ನಕ್ಕಿತು. ಬುತ್ತಿಗಂಟು ಹಿಡಿದು ನಿಂತಿದ್ದ ಅವ್ವ ಹನಮವ್ವ ಸೆರಗು ಮುಖಕ್ಕೆಳೆದುಕೊಂಡು ತಲೆ ತಗ್ಗಿಸಿದಳು. ತನ್ನನ್ನು ನೋಡಿ ನಕ್ಕಿದ್ದನ್ನು ಶಿವಾನಿ ಹೇಗೋ ನುಂಗಿಕೊಂಡಾಳು. ಅವ್ವ ತಗ್ಗಿಸಿದ ತಲೆಯನ್ನು ನುಂಗಲಾಗಲಿಲ್ಲ.

ಕಣ್ಣೊರೆಸಿಕೊಂಡು ಟೇಬಲಿನ ಕಡೆ ನೋಡಿದಳು. ಅಗಲ ಭುಜ, ಬಿಸಿಲಿಗೆ ಕಂದಿದ ಮುಖ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಬೆಪ್ಪಾದ ಕಣ್ಣು. ಹಾಳಾದವನು ನೋಡಲಿಕ್ಕೆ ಚೆಂದವೂ ಇದ್ದ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಯಂಕಂಚಿಯ ಶಿವಾನಿಗೆ ಆಗ ಇಪ್ಪತ್ತೊಂದು. ದಿನಾ ಸೈಕಲ್ ತುಳಿದು ಸಿಂದಗಿಗೆ ಹೋಗಿ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದಳು. ರೇಸಿನ ಸೈಕಲ್ಲು ಹಳೆಯದು, ಹಟ ಮಾತ್ರ ಹೊಸದು. ಮರುವರ್ಷ ಮುದ್ದೇಬಿಹಾಳದಲ್ಲಿ ಸ್ಪರ್ಧೆ ನಡೆದಾಗ ಮತ್ತೆ ಹೆಸರು ಕೊಟ್ಟಳು. ಚೆನ್ನಾಗಿಯೇ ಹೊಡೆಯುತ್ತಿದ್ದಳು. ಹದಿನಾಲ್ಕನೆಯ ಕಿಲೋಮೀಟರಿಗೆ ಹಿಂದಿನ ಟೈರು ಸಿಡಿಯಿತು. ಜೀಪಿನವರು ಹತ್ತು ಅಂದರೂ ಹತ್ತಲಿಲ್ಲ. ಉಳಿದ ಆರು ಕಿಲೋಮೀಟರು ಸೈಕಲ್ಲು ತಳ್ಳಿಕೊಂಡೇ ನಡೆದಳು.

ಅವಳು ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ಧರ್ಮರಾಜ ಒಬ್ಬನೇ ಗೆರೆಯ ಹತ್ತಿರ ನಿಂತಿದ್ದ. ವಾಚ್ ನಿಲ್ಲಿಸಿ, ಸಮಯ ಬರೆದು, ನೀರಿನ ಬಾಟಲಿ ಚಾಚಿದ. ಶಿವಾನಿ ಬಾಟಲಿ ತೆಗೆದುಕೊಳ್ಳಲಿಲ್ಲ.

"ಕಾಯ್ಕೋತ ನಿಂತಿದ್ರೇನು? ಮತ್ತ ನಗಾಕ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದೆ ಹೋಗಿಯಾಗಿತ್ತು.

ಶಾಪಿನಲ್ಲಿ ಅವಳ ಜೊತೆ ಕೆಲಸ ಮಾಡುವ ಗೆಳತಿ ಸೈದಾಬಿಗೆ ಮರುದಿನವೇ ಯೋಜನೆ ಹೇಳಿದಳು. ಆ ಮನುಷ್ಯ ಸಿಂದಗಿಯಲ್ಲೇ ಪಿ.ಟಿ. ಮಾಸ್ತರ. ಒಂದು ಕಾಲಕ್ಕೆ ದೊಡ್ಡ ಸೈಕಲ್ ಪಟು. ಮೊಣಕಾಲು ಕೆಟ್ಟು ಬಿಟ್ಟವನು.

"ಅವನ ಕಡೆನ ಕಲೀತೇನಿ. ಕಲ್ತು ಗೆಲ್ತೇನಿ. ಅಷ್ಟರಾಗ ಅವಂಗ ನನ್ನ ಹುಚ್ಚ ಹಿಡೀಬೇಕು. ಒಂದಿನ ಬಂದು ನನ್ನ ಲಗ್ನ ಆಗು ಅಂತಾನಲ್ಲ, ಆವಾಗ ಮಾರಿ ಮ್ಯಾಲ ಬ್ಯಾಡ ಅಂತೇನಿ."

ಸೈದಾಬಿ ಗುಳಿಗೆಯ ಡಬ್ಬಿ ಕೆಳಗಿಟ್ಟಳು. "ಹುಚ್ಚ ಅವಂಗ ಹಿಡೀಲಿಲ್ಲ, ನಿನಗ ಹಿಡೀತು ಅಂದ್ರ?"

"ನನಗ ಹಿಡಿಯೂದಿಲ್ಲ," ಎಂದಳು ಶಿವಾನಿ. ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ.

ಶಾಲೆಯ ಮೈದಾನಕ್ಕೆ ಹೋಗಿ ಎದುರಿಗೆ ನಿಂತಾಗ ಧರ್ಮರಾಜ ಸೀಟಿಯನ್ನು ಬಾಯಿಂದ ತೆಗೆದ.

"ನನ್ನ ಗುರ್ತ ಐತೇನ್ರಿ?"

"ಐತಿ. ಬಾಗೇವಾಡಿ." ಸೀಟಿಯನ್ನು ಕಿಸೆಗೆ ಹಾಕಿ ಹೇಳಿದ: "ಮೈಕ್ ಚಾಲೂ ಇದ್ದಿದ್ದು ಗೊತ್ತಿದ್ದಿಲ್ಲ."

"ಮೈಕ್ ಬಂದ್ ಇದ್ದಿದ್ರ ಅನ್ನಬಹುದಿತ್ತೇನು?"

ಅವನ ಮುಖ ಕೆಂಪಾಯಿತು. ನೆಲ ನೋಡುತ್ತ, "ತಪ್ಪಾತು. ನಿಮ್ಮವ್ವಗೂ ಹೇಳ್ತೇನಿ," ಎಂದ. "ಹೇಳ್ರಿ. ಆಮ್ಯಾಲ ನನಗ ರೇಸ್ ಹೊಡಿಯೂದು ಕಲಸ್ರಿ," ಎಂದಳು ಶಿವಾನಿ. ಆ ಭಾನುವಾರ ಯಂಕಂಚಿಗೆ ಬಂದು ಹನಮವ್ವನ ಎದುರು ಕೈಮುಗಿದು ಹೇಳಿಯೂ ಹೋದ. ಹನಮವ್ವ ಅವನಿಗೆ ಚಹಾ ಕೊಟ್ಟಳು. ಅದನ್ನು ಮಾಡಿದ ಶಿವಾನಿ ಬೇಕೆಂದೇ ಸಕ್ಕರೆ ಹಾಕಿರಲಿಲ್ಲ. ಅವನು ಮುಖ ಸಿಂಡರಿಸದೆ ಪೂರ್ತಿ ಕುಡಿದ.

ಮರುದಿನದಿಂದ ಬೆಳಗಿನ ಐದೂವರೆಗೆ ತರಬೇತಿ. ಎರಡೂ ಬದಿ ತೊಗರಿ ಹೂಬಿಟ್ಟ ರಸ್ತೆ, ಇಬ್ಬನಿಯ ವಾಸನೆ. ಮುಂದೆ ಅವಳು, ಹಿಂದೆ ಮೋಟಾರ್ ಸೈಕಲ್ಲಿನಲ್ಲಿ ಅವನು.

"ಭುಜ ಬಿಗೀಬ್ಯಾಡ. ಹ್ಯಾಂಡಲ್ ಏನು ಓಡಿ ಹೋಗೂದಿಲ್ಲ."

"ನೀವು ಹಿಂದ ನೋಡ್ಕೋತ ಬಂದ್ರ ಬಿಗಿಯಾಗ್ತದ್ರಿ."

"ನಾ ರಸ್ತಾ ನೋಡಾಕತ್ತೀನಿ."

"ರಸ್ತಾ ನನ್ನ ಜಡ್ಯಾಗ ಐತೇನು?"

ಮೋಟಾರ್ ಸೈಕಲ್ಲು ಗಕ್ಕನೆ ಒಮ್ಮೆ ತಡವರಿಸಿತು. ಶಿವಾನಿ ಮುಂದೆ ನೋಡುತ್ತಲೇ ತುಟಿ ಕಚ್ಚಿ ನಕ್ಕಳು. ಸೇಡು ಸರಿಯಾದ ದಾರಿಯಲ್ಲಿದೆ ಎಂದುಕೊಂಡಳು.

ಅವಳು ನೀರು ಕುಡಿಯುವಾಗ ಅವನು ಬೇರೆಡೆ ನೋಡುವನು. ಅವಳು ಬೇರೆಡೆ ನೋಡಿದಾಗ ಅವನ ದೃಷ್ಟಿ ಮೆಲ್ಲಗೆ ಅವಳ ಕಿವಿಯ ಹತ್ತಿರ ಬಂದು ನಿಲ್ಲುವುದು. ಅದನ್ನವಳು ಎಣಿಸುತ್ತಿದ್ದಳು. ಒಂದು ಬೆಳಿಗ್ಗೆ ಅವನು ಮೊಣಕಾಲು ಹಿಡಿದುಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತ.

"ನೋವೈತೇನ್ರಿ?"

"ಥಂಡಿಗೆ ಹಂಗ. ನಾ ಒಂದ ಸಲ ಬಿದ್ದೆ ನೋಡು, ಬಿದ್ದಾಂವ ಮತ್ತ ಸೈಕಲ್ ಹತ್ತಲಿಲ್ಲ. ಮುದ್ದೇಬಿಹಾಳದಾಗ ನೀ ಸೈಕಲ್ ನೂಕ್ಕೋತ ಬಂದಿ. ಅವತ್ತ ನನಗ ನನ್ನ ಮ್ಯಾಲ ನಾಚಿಕಿ ಬಂತು."

ಅವಳ ಎದೆಯೊಳಗೆ ಏನೋ ಸಡಿಲಾಯಿತು. ಸಡಿಲಾಗಬಾರದಿತ್ತು. ಆ ದಿನ ಮನೆ ಮುಟ್ಟುವವರೆಗೂ ಬಾಗೇವಾಡಿಯ ನಗುವನ್ನು ಬಲವಂತವಾಗಿ ನೆನಪಿಸಿಕೊಳ್ಳುತ್ತ ಪೆಡಲ್ ತುಳಿದಳು.

ಮೂರನೆಯ ವರ್ಷ ಸ್ಪರ್ಧೆ ಇಂಡಿಯಲ್ಲಿ. ಬಿಸಿಲೇರುವ ಮೊದಲೇ ಶುರುವಾಯಿತು. ಅವತ್ತು ಶಿವಾನಿ ಹಾರಿದಳು. ಗೆರೆ ದಾಟಿದಾಗ ಗೆದ್ದೆನೆಂದು ಅವಳ ಕಾಲಿಗೇ ಗೊತ್ತಿತ್ತು. ಟೇಬಲಿನ ಕಡೆ ತಿರುಗಿದಳು. ಧರ್ಮರಾಜ ವಾಚನ್ನೇ ನೋಡುತ್ತಿದ್ದ, ಅದರಲ್ಲಿ ಯಾರದೋ ಸಾವಿನ ಸುದ್ದಿ ಬಂದಿದೆಯೆಂಬಂತೆ.

ಮೂವತ್ಮೂರು ನಿಮಿಷ, ಎರಡು ಸೆಕೆಂಡು.

ಅವನು ಅದನ್ನೇ ಬರೆದ.

"ಎರಡ ಸೆಕೆಂಡ," ಎಂದಳು ಶಿವಾನಿ, ಜನವೆಲ್ಲ ಚದುರಿದ ಮೇಲೆ. "ವಾಚ್ ನಿಮ್ಮ ಕೈಯಾಗ ಇತ್ತು. ಯಾರ ನೋಡ್ತಿದ್ರು?"

"ನೀ ನೋಡ್ತಿದ್ದಿ."

"ನಾನೇನು ಬ್ಯಾಡ ಅಂತಿದ್ನೇನು?"

"ಇವತ್ತ ಅಂತಿದ್ದಿಲ್ಲ. ಮುಂದ ಒಂದಿನ, ಅವರು ಕೊಟ್ಟರು ನಾ ಗೆಲ್ಲಲಿಲ್ಲ ಅಂತಿದ್ದಿ. ಆವಾಗ ನನ್ನ ಮಾರಿ ನೋಡ್ತಿದ್ದಿಲ್ಲ."

"ಈಗೂ ನೋಡೂದಿಲ್ಲ."

ನೋಡಲೂ ಇಲ್ಲ. ಅವನ ತರಬೇತಿ ಬಿಟ್ಟಳು. ಬೆಳಿಗ್ಗೆ ಒಬ್ಬಳೇ ಹೊರಟಳು. ಆಷಾಢದ ಗಾಳಿ ಎದುರಿನಿಂದ ಎದೆಗೆ ಗುದ್ದುವಾಗ ಹಲ್ಲು ಕಚ್ಚಿ, ಒಂದು ತುಳಿತಕ್ಕೆ ಒಂದು ಸೆಕೆಂಡು, ಇನ್ನೊಂದು ತುಳಿತಕ್ಕೆ ಇನ್ನೊಂದು ಎಂದು ಅವನಿಂದ ಕಿತ್ತುಕೊಂಡಳು. ಒಮ್ಮೆ ಜಲ್ಲಿಯ ಮೇಲೆ ಜಾರಿ ಬಿದ್ದು ಮೊಣಕೈ ಸುಲಿಯಿತು. ಪಟ್ಟಿ ಕಟ್ಟುತ್ತ ಹನಮವ್ವ, "ಸಾಕು ಮಾಡವ್ವಾ, ಯಾರಿಗೆ ತೋರಸ್ಬೇಕು?" ಎಂದಳು. ಶಿವಾನಿ ಮರುದಿನ ಮತ್ತೆ ಹೊರಟಳು. ಶಾಲೆಯ ಗೇಟಿನಲ್ಲಿ ಅವನು ನಿಂತಿರುತ್ತಿದ್ದ. ಅವಳು ಕತ್ತು ತಿರುಗಿಸುತ್ತಿರಲಿಲ್ಲ. ತಿರುಗಿಸದೇ ಇರಲು ಎಷ್ಟು ಶಕ್ತಿ ಬೇಕೆಂದು ಅವಳಿಗಷ್ಟೇ ಗೊತ್ತಿತ್ತು.

ನಾಲ್ಕನೆಯ ವರ್ಷ, ಸಿಂದಗಿ. ಟೇಬಲಿನಲ್ಲಿ ವಾಚ್ ಹಿಡಿದು ಕೂತವರು ಬೇರೆ ಯಾರೋ. ಮೂವತ್ತೆರಡು ನಿಮಿಷ, ಮೂವತ್ತೊಂಬತ್ತು ಸೆಕೆಂಡು. ಹನಮವ್ವ ಜನರ ನಡುವೆ ನುಗ್ಗಿ ಬಂದು ಮಗಳನ್ನು ಸೈಕಲ್ಲು ಸಮೇತ ಅಪ್ಪಿಕೊಂಡಳು. ಅವತ್ತು ಆಕೆಯ ತಲೆಯ ಮೇಲೆ ಸೆರಗೇ ಇರಲಿಲ್ಲ.

ಧರ್ಮರಾಜ ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಂತಿದ್ದ. ಶಿವಾನಿ ತಾನೇ ಅಲ್ಲಿಗೆ ಹೋದಳು.

"ವಾಚ್ ಎಲ್ಲಿ?"

"ಬಿಟ್ಟೆ. ನೀ ಹೊಡಿಯೂ ರೇಸಿನ್ಯಾಗ ವಾಚ್ ಹಿಡಿಯೂ ಯೋಗ್ಯತಾ ನನಗ ಉಳದಿಲ್ಲ." ನೆರಳಿನಿಂದ ಹೊರಗೆ ಬಂದು ಹೇಳಿದ: "ಶಿವಾನಿ, ನಿನ್ನ ಮ್ಯಾಲ ಭಾಳ ಜೀವ ಐತಿ. ನನ್ನ ಲಗ್ನ ಆಗ್ತಿ?"

ಎರಡು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು. ಕಣ್ಣಲ್ಲಿ ಕಣ್ಣಿಟ್ಟು, ನಿಧಾನಕ್ಕೆ, ಅವನಿಗೆ ಒಂದೊಂದು ಅಕ್ಷರವೂ ಕೇಳುವ ಹಾಗೆ ಹೇಳಿದಳು.

"ಬ್ಯಾಡ."

ಅವನ ಮುಖದ ಬಣ್ಣವೇ ಇಳಿಯಿತು. "ಆತು," ಎಂದ. ತಲೆಯಾಡಿಸಿ, ಮೊಣಕಾಲನ್ನು ಸ್ವಲ್ಪ ಎಳೆಯುತ್ತ ಹೊರಟುಹೋದ.

ಸೇಡು ಸಿಹಿಯಾಗಿತ್ತು. ಎರಡು ದಿನ. ಆಮೇಲೆ ಶಿಬಿರಕ್ಕೆ ಹೋದಳು. ಅಲ್ಲಿ ಇಪ್ಪತ್ತು ಹುಡುಗಿಯರಲ್ಲಿ ಹನ್ನೊಂದನೆಯವಳಾದಳು. ಬೇಸರವಾಗಲಿಲ್ಲ, ಏರಲು ಇನ್ನೂ ಹತ್ತು ಮೆಟ್ಟಿಲಿವೆ ಎಂದುಕೊಂಡಳು. ಬೇಸರವಾದದ್ದು ಫೋನಿನ ಮೇಲೆ. ತಿಂಗಳಿಡೀ ಅವನದೊಂದು ಮೆಸೇಜಿಲ್ಲ. ಅವನು ಗೋಗರೆಯುತ್ತಾನೆ, ತಾನು ಓದಿ ನಗುತ್ತೇನೆ ಎಂದೆಲ್ಲ ಲೆಕ್ಕ ಹಾಕಿದ್ದಳು.

ಊರಿಗೆ ಮರಳಿದ ದಿನವೇ ಶಾಲೆಗೆ ಹೋದಳು. ಊಟದ ಬಿಡುವು. ಅವನು ಬೇವಿನ ಮರದ ಕೆಳಗೆ ವಾಲಿಬಾಲಿಗೆ ಗಾಳಿ ತುಂಬುತ್ತಿದ್ದ.

"ಒಂದ ಸಲ ಬ್ಯಾಡ ಅಂದ್ರ ಬಿಟ್ಟ ಬಿಡೂದೇನು?" ಎಂದಳು. "ನಾ ಮೂರು ಸಲ ಸೋತೆ. ಬಿಟ್ಟೆನೇನು?"

ಧರ್ಮರಾಜ ಎದ್ದು ನಿಂತ. "ರೇಸಿಗೆ ಎಷ್ಟ ಸಲ ಬೇಕಾದ್ರೂ ಹೋಗಬಹುದು. ಹೆಣ್ಣಮಗಳು ಬ್ಯಾಡ ಅಂದ ಮ್ಯಾಲ ಮತ್ತ ಹೋಗಬಾರದು."

ಅವಳ ಕಣ್ಣು ತುಂಬಿ ಬಂದು ಅವಳಿಗೇ ಸಿಟ್ಟು ತರಿಸಿತು.

"ನಾ ಸೇಡಿಗೆ ಬಂದಿದ್ದೆ. ಮೊದಲನೇ ದಿನದಿಂದ."

"ಗೊತ್ತು."

"ಗೊತ್ತಿತ್ತೇನು? ಹ್ಯಾಂಗ?"

"ಸಕ್ಕರಿ ಇಲ್ಲದ ಚಹಾ ಮಾಡಿ, ನಾ ಕುಡಿಯೂತನಕ ನೋಡ್ಕೋತ ನಿಂತಿದ್ದ್ಯಲ್ಲ."

ಅವಳಿಗೆ ನಗು ಬಂತು, ಅಳುವಿನ ಜೊತೆಗೇ. ಅಂಗೈಯಿಂದ ಮುಖ ಒರೆಸಿಕೊಂಡು ಗದ್ದ ಎತ್ತಿದಳು.

"ಈಗ ನಾನ ಬಂದೀನಿ. ಕೇಳ್ರಿ."

ಅವನು ನಂಬಲಾಗದೆ ಅವಳನ್ನು ನೋಡಿದ. "ನನ್ನ ಲಗ್ನ ಆಗ್ತಿ?"

"ಬ್ಯಾಡ. ಇದು ಮುದ್ದೇಬಿಹಾಳದ್ದು. ಅವತ್ತಿನ ಬ್ಯಾಡ ಬಾಗೇವಾಡಿದು."

ಒಂದು ಕ್ಷಣ ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ತುಟಿಯ ಅಂಚು ಮೆಲ್ಲಗೆ ಸಡಿಲವಾಯಿತು. "ನನ್ನ ಲಗ್ನ ಆಗ್ತಿ, ಶಿವಾನಿ?"

"ಬ್ಯಾಡ. ಇದು ಇಂಡಿದು. ಎರಡ ಸೆಕೆಂಡಿಂದು."

ಬಿಡುವು ಮುಗಿದ ಗಂಟೆ ಹೊಡೆಯಿತು. ಇಬ್ಬರೂ ಕದಲಲಿಲ್ಲ. ಧರ್ಮರಾಜ ಒಂದು ಹೆಜ್ಜೆ ಹತ್ತಿರ ಬಂದ. ಅವಳ ಕಿವಿಯ ಹತ್ತಿರ ಬೆವರಿಗಂಟಿದ್ದ ಕೂದಲನ್ನು ಈ ಸಲ ಕದ್ದು ನೋಡಲಿಲ್ಲ, ನೇರವಾಗಿಯೇ ನೋಡಿದ.

"ನಾಲ್ಕನೇ ಸಲ ಕೇಳ್ತೇನಿ. ಅದಕ್ಕೂ ಮೊದಲ ಒಂದ ಮಾತು. ಸಿಂದಗ್ಯಾಗ ಏನಾತು?"

"ಸಿಂದಗ್ಯಾಗ," ಎಂದಳು ಶಿವಾನಿ, ಅವನ ಕೈ ಹಿಡಿದು, "ನಾ ಗೆದ್ದೆ."